ಅಡುಗೆಮನೆ ಕಸದ ಡ್ರಮ್‌ಗೆ ಮೂರು ಥರ್ಮಾಮೀಟರ್, ಒಂದು ಫ್ಯಾನ್: ಬೆಳಗಾವಿ ಮಳೆಗಾಲದ ಗೊಬ್ಬರ

ಇದು ಹಸಿ ಕಸವನ್ನು ಮನೆಯೊಳಗೇ ಗೊಬ್ಬರ ಮಾಡುವ ಡ್ರಮ್. 60 ಲೀಟರಿನದು, ನೀಲಿ ಬಣ್ಣದ್ದು, ಕ್ಲಿಪ್ ಮುಚ್ಚಳದ್ದು. ಒಳಗಿನ ಬಿಸಿ ಮತ್ತು ಒಟ್ಟು ತೂಕ ನೋಡಿಕೊಂಡು ತಾನೇ ಫ್ಯಾನ್ ಹಾಕುತ್ತದೆ, ತಾನೇ ಆರಿಸುತ್ತದೆ. ಏನಾದರೂ ಬೇಕಾದರೆ ಗೋಡೆ ಮೇಲಿನ ಲೈಟ್ ಬಣ್ಣ ಬದಲಾಯಿಸಿ ಹೇಳುತ್ತದೆ. ಅಷ್ಟೇ. ಕಸ ಹಾಕುವುದು, ಹೊಟ್ಟು (ಮರದ ಸುರುಳಿ, ಒಣ ಸಿಪ್ಪೆಯಂಥದ್ದು) ಹಾಕುವುದು, ತಿರುವುವುದು ಎಲ್ಲ ನಮ್ಮ ಕೈ ಕೆಲಸವೇ.

ಮನೆಯೊಳಗೆ ಯಾಕೆ ಅಂದರೆ ಬೆಳಗಾವಿ ಮಳೆ. ಸಹ್ಯಾದ್ರಿಯ ಅಂಚಿನ ಊರು, ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ನಮ್ಮದು ಟಿಳಕವಾಡಿಯಲ್ಲಿ ಎರಡನೇ ಮಹಡಿ ಮನೆ. ಹಿತ್ತಲು ಇಲ್ಲ, ಇರುವ ಬಾಲ್ಕನಿಗೆ ಗಾಳಿ ಜೊತೆ ಮಳೆ ಓರೆಯಾಗಿ ಹೊಡೆಯುತ್ತದೆ. ಒಂದರ ಮೇಲೊಂದು ಮಣ್ಣಿನ ಗಡಿಗೆ ಇಟ್ಟು ಗೊಬ್ಬರ ಮಾಡುವ ಪದ್ಧತಿ ಇದೆಯಲ್ಲ, ಅದು ಬೇಸಿಗೆಯಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ಜುಲೈ ಬಂತೆಂದರೆ ಗಡಿಗೆಯೇ ಒದ್ದೆ, ಒಳಗಿನದು ರಾಡಿ, ವಾಸನೆ ಕೆಳಗಿನ ಮನೆ ತನಕ. ಹಾಗಾಗಿ ಅಡುಗೆಮನೆ ಪಕ್ಕದ, ಪಾತ್ರೆ ತೊಳೆಯುವ ಮೂಲೆಗೆ ತರಬೇಕಾಯಿತು. ಒಳಗೆ ತಂದ ಮೇಲೆ ಎರಡು ಷರತ್ತು ತಾನಾಗೇ ಬಂದವು: ವಾಸನೆ ಬರಬಾರದು, ನೊಣ ಬರಬಾರದು. ಮೂರನೆಯದನ್ನು ಅವ್ವ ಹಾಕಿದಳು, ಇದಕ್ಕಾಗಿ ನನ್ನ ಕೈಗೆ ಫೋನ್ ಕೊಡಬೇಡ ಅಂತ.

ಅಂಗಡಿಯಲ್ಲಿ ಸಿಗುವ ಎಲೆಕ್ಟ್ರಿಕ್ ಮಷೀನ್ ತಗೋಬಾರದೇಕೆ ಅಂತ ಕೇಳಿದವರಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಮಾಡುವುದು ಕಸವನ್ನು ಬಿಸಿ ಮಾಡಿ, ಒಣಗಿಸಿ, ಪುಡಿ ಮಾಡುವ ಕೆಲಸ. ರಾತ್ರಿ ಹಾಕಿದರೆ ಬೆಳಿಗ್ಗೆ ಕಂದು ಪುಡಿ ಸಿಗುತ್ತದೆ. ಅದು ಗೊಬ್ಬರ ಅಲ್ಲ, ಒಣಗಿದ ಕಸ. ಕುಂಡಕ್ಕೆ ಹಾಕಿ ನೀರು ಹನಿಸಿದರೆ ಬೂಸ್ಟು ಹಿಡಿಯುತ್ತದೆ, ಯಾಕೆಂದರೆ ಕೊಳೆಯುವ ಕೆಲಸ ಶುರುವಾಗುವುದೇ ಅಲ್ಲಿಂದ. ಕಸದ ಗಾತ್ರ ಕಡಿಮೆ ಆದರೆ ಸಾಕು ಅನ್ನುವವರಿಗೆ ಅವು ಸರಿ. ಸೂಕ್ಷ್ಮಜೀವಿಗಳ ಪುಡಿ ಹಾಕಿ, ಬೆಚ್ಚಗಿಟ್ಟು, ತಾನೇ ತಿರುವುವ ಮಷೀನ್‌ಗಳೂ ಇವೆ. ಅವು ವಾಸಿ. ಆದರೆ ಬೆಲೆ ನೋಡಿ ನಾನು ಡ್ರಮ್ ಹುಡುಕಲು ಹೊರಟೆ.

ಯಾವ ಸೆನ್ಸರ್ ಬೇಕು, ಯಾವುದು ಬೇಡ ಅನ್ನುವ ಮೊದಲು ಡ್ರಮ್ಮಿನೊಳಗೆ ಏನು ನಡೆಯುತ್ತದೆ ಅಂತ ಗೊತ್ತಿರಬೇಕು. ಕೆಲಸ ಮಾಡುವವರು ಬ್ಯಾಕ್ಟೀರಿಯಾ ಮತ್ತು ಬೂಸ್ಟು. ಅವಕ್ಕೆ ಗಾಳಿ ಬೇಕು, ತೇವ ಬೇಕು, ಸಾರಜನಕದ ಒಂದು ಪಾಲಿಗೆ ಇಂಗಾಲದ 25ರಿಂದ 30 ಪಾಲು ಬೇಕು. ತೇವ ನೂರಕ್ಕೆ 50ರಿಂದ 60ರಷ್ಟಿದ್ದರೆ ಒಳ್ಳೆಯದು. ಅಡುಗೆಮನೆ ಕಸ ಹಾಗಿರುವುದಿಲ್ಲ, ಅಲ್ವಾ? ಅದರಲ್ಲಿ ಮುಕ್ಕಾಲು ಪಾಲು ನೀರೇ, ಇಂಗಾಲವೂ ಸಾಲದು. ಅದನ್ನು ಹಾಗೇ ಡಬ್ಬಿಯಲ್ಲಿಟ್ಟರೆ ನೀರು ತುಂಬಿ ಗಾಳಿ ಹೋಗುವ ಸಂದಿ ಮುಚ್ಚಿಹೋಗುತ್ತದೆ, ಗಾಳಿ ಬೇಡದ ಬ್ಯಾಕ್ಟೀರಿಯಾ ಮೇಲುಗೈ ಆಗುತ್ತವೆ, ಆಗ ಬರುವುದೇ ಆ ಕೊಳೆತ ಮೊಟ್ಟೆಯ ವಾಸನೆ. ಇಂಗಾಲ ಕಡಿಮೆ, ಗಾಳಿ ಇದೆ ಅಂದರೆ ಅಮೋನಿಯಾ, ಮೂಗಿಗೆ ಚುರ್ ಅನ್ನುವಂಥದ್ದು. ಎರಡಕ್ಕೂ ಮೊದಲ ಮದ್ದು ಒಣ ಹೊಟ್ಟು. ಬೋರ್ಡು, ವೈಫೈ ಎಲ್ಲ ಆಮೇಲೆ.

ಕೆಲಸ ಜೋರಾಗಿ ನಡೆದಾಗ ಬಿಸಿ ಹುಟ್ಟುತ್ತದೆ. ಹೊಲದ ತಿಪ್ಪೆ ದೊಡ್ಡದು, ಆ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಗುಂಡಿ ಒಂದು ಘನ ಮೀಟರ್ ಆದರೂ ಇರಲಿ ಅಂತ ಹೇಳುವುದು ಅದಕ್ಕೇ. 60 ಲೀಟರ್ ಡ್ರಮ್ ಅದರ ಹತ್ತಿರಕ್ಕೂ ಬರುವುದಿಲ್ಲ, ಹುಟ್ಟಿದ ಬಿಸಿ ಗೋಡೆಯಿಂದ ಸೋರಿಹೋಗುತ್ತದೆ. ಮೊದಲು ಅವ್ವನ ಹಳೆಯ ಕೌದಿ ಸುತ್ತುವ ಯೋಚನೆ ಇತ್ತು. ಆದರೆ ಬೆಳಗಾವಿಯ ಜುಲೈನಲ್ಲಿ ಅರಿವೆ ಅನ್ನುವುದೆಲ್ಲ ಗಾಳಿಯಲ್ಲಿನ ತೇವ ಕುಡಿದು ತಣ್ಣಗಾಗುತ್ತದೆ. ಕೊನೆಗೆ ಮನೆಯಲ್ಲಿ ಯಾರೂ ಮುಟ್ಟದೆ ಬಿದ್ದಿದ್ದ ಯೋಗಾ ಮ್ಯಾಟ್ ಎರಡು ಸುತ್ತು ಬಂತು. ಮುಚ್ಚಳದ ಒಳಗೆ ಥರ್ಮಾಕೋಲ್. ಇಷ್ಟಕ್ಕೆ ನಡುಭಾಗ 45ರಿಂದ 50 ಡಿಗ್ರಿ ಮುಟ್ಟುತ್ತದೆ. ಕಾರ್ಖಾನೆ ಮಟ್ಟದಲ್ಲಿ ರೋಗಾಣು ಸಾಯಲು ಮುಚ್ಚಿದ ಡ್ರಮ್ಮಿನೊಳಗೆ 55 ಡಿಗ್ರಿ ಮೂರು ದಿನ ಇರಬೇಕು ಅನ್ನುತ್ತಾರೆ. ಮನೆ ಡ್ರಮ್ಮಿನಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ, ಹಾಗಾಗಿ ಮಾಂಸ, ಮೀನು, ನಾಯಿ ಬೆಕ್ಕಿನ ಹೊಲಸು ನಮ್ಮಲ್ಲಿ ಒಳಗೆ ಹೋಗುವುದಿಲ್ಲ.

ಈಗ ಡ್ರಮ್. ಬುಡದಿಂದ ನಾಲ್ಕು ಬೆರಳು ಮೇಲೆ ಸುತ್ತಲೂ 8 ಎಂಎಂ ತೂತು, ಒಳಗಿನಿಂದ ನೈಲಾನ್ ಜಾಲರಿ ಅಂಟಿಸಿದೆ. ಟೀ ಸೋಸುವಷ್ಟು ಸಣ್ಣ ಜಾಲರಿ ಬೇಕು. ಸೊಳ್ಳೆ ಪರದೆ ನಡೆಯುವುದಿಲ್ಲ, ಹಣ್ಣಿನ ಮೇಲೆ ಕೂರುವ ಸಣ್ಣ ನೊಣ ಅದರಲ್ಲಿ ಆರಾಮಾಗಿ ನುಸುಳುತ್ತದೆ. ಒಡೆದ ತರಕಾರಿ ಕ್ರೇಟಿನ ತಳವನ್ನು ದುಂಡಗೆ ಕತ್ತರಿಸಿ, ಪಿವಿಸಿ ಪೈಪಿನ ತುಂಡುಗಳ ಮೇಲೆ ಕೂರಿಸಿ ಎರಡನೇ ತಳ ಮಾಡಿದೆ. ಕಸ ಅದರ ಮೇಲೆ, ಇಳಿದ ನೀರು ಅದರ ಕೆಳಗೆ. ತೀರಾ ಬುಡದಲ್ಲಿ ನೀರಿನ ಫಿಲ್ಟರಿಗೆ ಹಾಕುವ ಪ್ಲಾಸ್ಟಿಕ್ ನಲ್ಲಿ. ಹೊಟ್ಟು ಸರಿ ಬಿದ್ದರೆ ಆ ನಲ್ಲಿಯಿಂದ ಹೆಚ್ಚು ಏನೂ ಬರುವುದಿಲ್ಲ. ವಾರಕ್ಕೆ ಒಂದು ಲೋಟಕ್ಕಿಂತ ಜಾಸ್ತಿ ಬಂತೆಂದರೆ ಒಳಗೆ ತೇವ ಹೆಚ್ಚಾಗಿದೆ ಅಂತ ತಿಳಿಯಬೇಕು.

ಫ್ಯಾನ್ ಗಾಳಿಯನ್ನು ಒಳಗೆ ಊದುವುದಿಲ್ಲ, ಹೊರಗೆ ಎಳೆಯುತ್ತದೆ. ಇದು ಮುಖ್ಯ. ಊದಿದರೆ ಮುಚ್ಚಳದ ಸಂದಿಗಳಿಂದೆಲ್ಲ ವಾಸನೆ ಹೊರಗೆ ಬರುತ್ತದೆ. ಎಳೆದರೆ ಆ ಸಂದಿಗಳಿಂದ ಮನೆಯ ಗಾಳಿಯೇ ಒಳಗೆ ಹೋಗುತ್ತದೆ, ಹೊರಬರುವ ದಾರಿ ಒಂದೇ ಉಳಿಯುತ್ತದೆ, ಆ ಒಂದಕ್ಕೆ ಫಿಲ್ಟರ್ ಇಟ್ಟರಾಯಿತು. ಫಿಲ್ಟರ್ ಅಂದರೆ ಐದು ಲೀಟರ್ ಎಣ್ಣೆ ಕ್ಯಾನ್, ಅದರೊಳಗೆ ಪೂರ್ತಿ ಆದ ಹಳೆ ಗೊಬ್ಬರ ಮತ್ತು ದಪ್ಪ ಕಟ್ಟಿಗೆ ಚೂರು, ಸ್ವಲ್ಪ ತೇವ. ಅಕ್ವೇರಿಯಂ ಅಂಗಡಿಯ ಇದ್ದಿಲು ಹಾಕಬಹುದು, ಆದರೆ ಮಾಮೂಲಿ ಇದ್ದಿಲು ಅಮೋನಿಯಾವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಗೊಬ್ಬರದಲ್ಲಿರುವ ಬ್ಯಾಕ್ಟೀರಿಯಾ ಅದನ್ನು ತಿಂದೇ ಬಿಡುತ್ತವೆ, ದೊಡ್ಡ ಗೊಬ್ಬರ ಘಟಕಗಳಲ್ಲೂ ಇದೇ ಉಪಾಯ. ಪದರ ನಾಲ್ಕು ಇಂಚಿಗಿಂತ ದಪ್ಪ ಬೇಡ, ಜರಡಿ ಹಿಡಿದ ನುಣ್ಣನೆ ಗೊಬ್ಬರ ಅಂತೂ ಬೇಡವೇ ಬೇಡ. ಕಂಪ್ಯೂಟರಿನ 80 ಎಂಎಂ ಫ್ಯಾನಿಗೆ ಖಾಲಿ ಜಾಗದಲ್ಲಿ ಗಾಳಿ ತಳ್ಳುವುದು ಗೊತ್ತು, ತಡೆ ಬಂದರೆ ಸುಮ್ನೆ ಅಲ್ಲೇ ತಿರುಗುತ್ತ ಕೂರುತ್ತದೆ.

ಇನ್ನೊಂದು ಮಾತು, ಗಾಳಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ನಡುವಿನ ಕಸ ಒತ್ತಿಕೊಂಡಿದ್ದರೆ ಡ್ರಮ್ಮಿನ ಗೋಡೆ ಪಕ್ಕದಲ್ಲೇ ಮೇಲೇರಿ ಹೊರಟುಹೋಗುತ್ತದೆ. ತಿರುವಿದ ಮೇಲೆ ಅಂಚನ್ನು ಕೈಯಿಂದ ಒತ್ತಿ, ನಡುವನ್ನು ಸಡಿಲ ಬಿಡಬೇಕು. ತಿರುವುವುದಕ್ಕೆ ನಮ್ಮೂರ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಫ್ಯಾಬ್ರಿಕೇಶನ್ ಶಾಪ್ ಒಂದರಲ್ಲಿ 8 ಎಂಎಂ ರಾಡನ್ನು ಸುರುಳಿ ಬಗ್ಗಿಸಿ, ಮೇಲೆ ಹಿಡಿಕೆ ಬೆಸೆದುಕೊಟ್ಟರು. ತಿರುಗಿಸುತ್ತ ಒಳಗಿಳಿಸಿ, ನೇರ ಮೇಲೆತ್ತಿದರೆ ಕೆಳಗಿನದು ಮೇಲೆ ಬರುತ್ತದೆ.

ಹೊಟ್ಟಿನ ವಿಷಯಕ್ಕೆ ಬರೋಣ, ಯಾಕೆಂದರೆ ಇಡೀ ಯೋಜನೆ ನಿಂತಿರುವುದು ಇದರ ಮೇಲೆ. ಸಾಮಿಲ್ಲಿನ ಹೊಟ್ಟು ಅಗ್ಗ, ಆದರೆ ಹಿಟ್ಟಿನಷ್ಟು ಸಣ್ಣ. ನೀರು ಕುಡಿದು ಕೂತರೆ ಮುದ್ದೆ, ಗಾಳಿ ಬಂದ್. ಮಳೆಗಾಲದಲ್ಲಂತೂ ಸಾಮಿಲ್ಲಿನಲ್ಲೇ ಅದು ಒದ್ದೆಯಾಗಿರುತ್ತದೆ. ಕಬ್ಬಿನ ಹಾಲಿನ ಗಾಡಿಯ ಸಿಪ್ಪೆ ಬಹಳ ಒಳ್ಳೆಯದು, ಉದ್ದುದ್ದ ನಾರು, ಒಣಗಿದರೆ ಹತ್ತಿಯಂತೆ ಹಗುರ. ಆದರೆ ಮಳೆ ಹಿಡಿದ ಮೇಲೆ ಗಾಡಿಗಳು ಎಲ್ಲಿ ನಿಲ್ಲುತ್ತವೆ? ಏಪ್ರಿಲ್, ಮೇ ತಿಂಗಳಲ್ಲೇ ತಂದು ಮಾಳಿಗೆ ಮೇಲೆ ಒಣಗಿಸಿ ಗೋಣಿಚೀಲದಲ್ಲಿ ತುಂಬಿಡಬೇಕು. ಹಳ್ಳಿ ಕಡೆ ಹೋದವರು ಕಬ್ಬಿನ ರವದಿ (ಒಣಗಿದ ಗರಿ) ತಂದರೆ ಅದೂ ನಡೆಯುತ್ತದೆ, ಗೇಣುದ್ದ ಕತ್ತರಿಸಿಕೊಳ್ಳಬೇಕು ಅಷ್ಟೇ, ಕಬ್ಬಿನ ಸೀಮೆಯಲ್ಲಿ ಅದಕ್ಕೇನು ಬರ? ಶೇಂಗಾ ಸಿಪ್ಪೆ ಕರಗುವುದು ನಿಧಾನ, ಆದರೆ ಅದೇ ಅದರ ಗುಣ, ತಿಂಗಳುಗಟ್ಟಲೆ ಒಳಗೆ ಸಂದಿ ಬಿಡಿಸಿ ಹಿಡಿದಿರುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ. ಉದ್ಯಮಬಾಗದ ಫೌಂಡ್ರಿಗಳಿಗೆ ಮರದ ಪ್ಯಾಟರ್ನ್, ಅಂದರೆ ಎರಕದ ಅಚ್ಚು ತೆಗೆಯುವ ಮಾದರಿ, ಮಾಡಿಕೊಡುವವರಿದ್ದಾರೆ, ಅವರ ಶಾಪಿನಲ್ಲಿ ರಂದಾ ಹೊಡೆದು ಬಿದ್ದ ತೆಳ್ಳನೆ ಸುರುಳಿಗಳ ರಾಶಿ ಇರುತ್ತದೆ. ಒಣಗಿರುತ್ತದೆ, ಯಾಕೆಂದರೆ ಪ್ಯಾಟರ್ನಿಗೆ ಹಸಿ ಕಟ್ಟಿಗೆ ಬಳಸಿದರೆ ಆಮೇಲೆ ಸೊಟ್ಟಗಾಗುತ್ತದೆ. ಸುರುಳಿ ಇರುವುದರಿಂದ ಗಾಳಿಗೆ ಜಾಗ ತಾನೇ ಬಿಡುತ್ತದೆ. ಎರಡು ಎಚ್ಚರ: ಪ್ಲೈವುಡ್, ಎಂಡಿಎಫ್ ಕೊಯ್ದ ಪುಡಿ ಬೇಡ, ಅದರಲ್ಲಿ ಅಂಟು ಇರುತ್ತದೆ. ಪೇಂಟ್ ಹೊಡೆದ ಹಳೆ ಪ್ಯಾಟರ್ನ್ ಕೆತ್ತಿದ್ದೂ ಬೇಡ. ರಾಶಿಗೆ ಕೈ ಹಾಕಿ ಮೂಸಿ ನೋಡಿ, ಕಟ್ಟಿಗೆ ವಾಸನೆ ಮಾತ್ರ ಬರಬೇಕು. ಒಂದು ಬಟ್ಟಲು ಕಸಕ್ಕೆ ಒತ್ತದೇ ತುಂಬಿದ ಒಂದು ಬಟ್ಟಲು ಸುರುಳಿ, ಹೆಸರಿಗೆ ಲೆಕ್ಕ ಅಷ್ಟು. ಕಲ್ಲಂಗಡಿ ಸಿಪ್ಪೆ ಬಂದ ದಿನ ಒಂದೂವರೆ.

ಶುರುವಿಗೆ ಹುಳಿ ಮಜ್ಜಿಗೆ, ಬೆಲ್ಲದ ನೀರು ಹಾಕಿ ಅನ್ನುವವರು ಬಹಳ. ಹಾಕಿದರೆ ಕೆಡುಕಿಲ್ಲ. ಎರಡು ಬೊಗಸೆ ಹಳೆ ಗೊಬ್ಬರ ಇದ್ದರೆ ಅದರ ಅಗತ್ಯವೂ ಇಲ್ಲ.

ಇನ್ನು ವೈರಿಂಗ್. ಬೋರ್ಡು ಇಎಸ್‌ಪಿ32, ವೈಫೈ ಇರುವ ಪುಟ್ಟ ಕಂಪ್ಯೂಟರ್; ಒಳಗೆ ಅದನ್ನು ನಡೆಸುವ ಸಾಫ್ಟ್‌ವೇರ್ ಇಎಸ್‌ಪಿಹೋಮ್. ಗ್ರಾಫ್ ನೋಡಲು ಹಳೆಯ ಲ್ಯಾಪ್‌ಟಾಪಿನಲ್ಲಿ ಹೋಮ್ ಅಸಿಸ್ಟೆಂಟ್ ಅನ್ನುವ ಪ್ರೋಗ್ರಾಂ. ಯಾವ ಕಂಪನಿಯ ಕ್ಲೌಡಿಗೂ ನಮ್ಮ ಬದನೆಕಾಯಿ ತೊಟ್ಟಿನ ವಿವರ ಹೋಗುವುದಿಲ್ಲ. ತೀರ್ಮಾನ ಎಲ್ಲ ಬೋರ್ಡಿನೊಳಗೇ ಆಗಬೇಕು, ಲ್ಯಾಪ್‌ಟಾಪ್ ಮುಚ್ಚಿದರೂ ಫ್ಯಾನ್ ನಡೆಯಬೇಕು. ಅದಕ್ಕೆ ಒಂದು ಸಣ್ಣ ಕೆಲಸ ಇದೆ: ಇಎಸ್‌ಪಿಹೋಮ್‌ನಲ್ಲಿ ಎಪಿಐಗೂ (ಹೋಮ್ ಅಸಿಸ್ಟೆಂಟ್ ಜೊತೆ ಮಾತಾಡುವ ಸಂಪರ್ಕ) ವೈಫೈಗೂ ರೀಬೂಟ್ ಟೈಮ್‌ಔಟ್ ಅಂತ ಇರುತ್ತದೆ, ಸುಮ್ನೆ ಬಿಟ್ಟರೆ 15 ನಿಮಿಷ. ಆ ಕಡೆ ಯಾರೂ ಸಿಗದಿದ್ದರೆ ಬೋರ್ಡು 15 ನಿಮಿಷಕ್ಕೊಮ್ಮೆ ತನ್ನನ್ನೇ ಆರಿಸಿ ಹಚ್ಚಿಕೊಳ್ಳುತ್ತ ಇರುತ್ತದೆ. ಎರಡನ್ನೂ ಸೊನ್ನೆ ಮಾಡಿ.

ಬಿಸಿ ಅಳೆಯಲು ಸ್ಟೀಲ್ ತುದಿಯ ಡಿಎಸ್18ಬಿ20 ಡಿಜಿಟಲ್ ಸೆನ್ಸರ್ ಮೂರು. ಒಂದು ಕಸದ ನಡುವೆ, ಒಂದು ಗೋಡೆ ಪಕ್ಕ, ಒಂದು ಹೊರಗೆ ಕೋಣೆಯ ಗಾಳಿಗೆ. ಮೂರೂ ಒಂದೇ ಪಿನ್ನಿಗೆ ಹೋಗುತ್ತವೆ, ಆ ತಂತಿಯಿಂದ 3.3 ವೋಲ್ಟಿಗೆ ಒಂದು 4.7 ಕಿಲೋಓಮ್ ರೆಸಿಸ್ಟರ್. ಪ್ರತಿಯೊಂದಕ್ಕೂ ತನ್ನದೇ ಉದ್ದ ನಂಬರ್ ಇದೆ, ಆದರೆ ಯಾವ ನಂಬರ್ ಯಾವ ಕಡ್ಡಿಯದು ಅಂತ ಮೈಮೇಲೆ ಬರೆದಿರುವುದಿಲ್ಲ. ಒಂದೊಂದನ್ನೇ ಬಿಸಿ ನೀರಿನ ಲೋಟದಲ್ಲಿ ಅದ್ದಿ, ಸ್ಕ್ರೀನ್ ಮೇಲೆ ಯಾವುದು ಏರುತ್ತದೆ ನೋಡಿ, ಕೂಡಲೇ ಟೇಪ್ ಅಂಟಿಸಿ ಹೆಸರು ಬರೆಯಿರಿ. ತೂಕಕ್ಕೆ 50 ಕೆಜಿಯ ನಾಲ್ಕು ಲೋಡ್ ಸೆಲ್ (ಭಾರ ಅಳೆಯುವ ಸೆನ್ಸರ್) ಮತ್ತು ಅವುಗಳ ಸಂಕೇತವನ್ನು ಅಂಕಿ ಮಾಡಿಕೊಡುವ ಎಚ್‌ಎಕ್ಸ್711 ಚಿಪ್, ಬಾತ್‌ರೂಮ್ ತೂಕದ ಯಂತ್ರದೊಳಗೆ ಇರುವಂಥವೇ. ಒಂದು ಪ್ಲೈವುಡ್ ಹಲಗೆಯ ನಾಲ್ಕು ಮೂಲೆಗೆ ಹಾಕಿ ಮೇಲೆ ಡ್ರಮ್ ಇಟ್ಟೆ. ಫ್ಯಾನಿಗೆ ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್, ಅಂದರೆ ಬೋರ್ಡು ಹೇಳಿದಂತೆ ಹಾಕಿ ಆರಿಸುವ ಎಲೆಕ್ಟ್ರಾನಿಕ್ ಸ್ವಿಚ್; ಅದರ ಗೇಟ್ ಪಿನ್ನಿನಿಂದ ಗ್ರೌಂಡಿಗೆ 10 ಕಿಲೋಓಮ್ ರೆಸಿಸ್ಟರ್. ಆ ರೆಸಿಸ್ಟರ್ ಇಲ್ಲದಿದ್ದರೆ ಬೋರ್ಡು ಶುರುವಾಗುವಾಗ ಫ್ಯಾನ್ ತನಗಿಷ್ಟ ಬಂದಂತೆ ತಿರುಗುತ್ತದೆ. ಫ್ಯಾನಿನ ವೇಗ ಕಡಿಮೆ ಹೆಚ್ಚು ಮಾಡುವ ಗೋಜಿಗೆ ಹೋಗಿಲ್ಲ. ಎರಡು ತಂತಿಯ ಫ್ಯಾನ್ ಅದಕ್ಕೆ ಒಗ್ಗುವುದಿಲ್ಲ. ಹಾಕು, ಆರಿಸು, ಎರಡೇ.

ಹಾಕಿ ಆಮೇಲೆ ಕಿತ್ತಿದ್ದೂ ಇದೆ. ವಾಸನೆ ಹಿಡಿಯಲು ಎಂಕ್ಯು-135 ಗ್ಯಾಸ್ ಸೆನ್ಸರ್ ಇಟ್ಟಿದ್ದೆ. ಅದಕ್ಕೆ ಅಮೋನಿಯಾ ಗೊತ್ತಾಗುತ್ತದೆ, ನಿಜ. ಹೊಗೆ, ಸ್ಪಿರಿಟ್, ಇನ್ನೂ ಏನೇನೋ ಕೂಡ ಅದೇ ಥರ ಗೊತ್ತಾಗುತ್ತದೆ. ಪಕ್ಕದಲ್ಲೇ ಅಡುಗೆಮನೆ. ಸಾಸಿವೆ ಸಿಡಿದು ಒಗ್ಗರಣೆ ಬಿದ್ದಾಗಲೆಲ್ಲ ಗೊಬ್ಬರ ನಾರುತ್ತಿದೆ ಅಂತ ಸೂಚನೆ! ಸಾಲದ್ದಕ್ಕೆ ಒಳಗಿನ ಹೀಟರ್ ಹಗಲೂ ರಾತ್ರಿ ಉರಿಯುತ್ತಿರಬೇಕು. ಈ ಕೆಲಸಕ್ಕೆ ಮನೆಯಲ್ಲಿ ಮೂಗು ಇರುವವರು ಸಾಕಷ್ಟು ಜನ ಇದ್ದೇವೆ.

ಮಣ್ಣಿನ ತೇವ ಅಳೆಯುವ ಕೆಪಾಸಿಟಿವ್ ಕಡ್ಡಿಯದು ಬೇರೆ ಕಥೆ. ಅದು ತನ್ನ ಮೈಗೆ ಅಂಟಿಕೊಂಡಿರುವ ವಸ್ತುವಿನಲ್ಲಿ ನೀರು ಎಷ್ಟಿದೆ ಅಂತ ಹೇಳುತ್ತದೆ. ಕುಂಡದ ಮಣ್ಣು ಸುತ್ತಲೂ ಗಟ್ಟಿ ಅಂಟಿಕೊಳ್ಳುತ್ತದೆ, ಅಲ್ಲಿ ಚೆನ್ನಾಗಿ ನಡೆಯುತ್ತದೆ. ಸುರುಳಿ ಹೊಟ್ಟು, ಜೋಳದ ರೊಟ್ಟಿ ಚೂರು, ಈರುಳ್ಳಿ ಸಿಪ್ಪೆ ಇರುವ ರಾಶಿಯಲ್ಲಿ ಕಡ್ಡಿಯ ಅರ್ಧಕ್ಕೆ ಬರೀ ಗಾಳಿ ತಾಗಿರುತ್ತದೆ. ಕೈಯಿಂದ ಸ್ವಲ್ಪ ಒತ್ತಿದರೆ ತೇವ ಏರಿತು ಅನ್ನುತ್ತದೆ, ಬಿಟ್ಟರೆ ಇಳಿಯಿತು ಅನ್ನುತ್ತದೆ, ಒಳಗಿನ ನೀರು ಮಾತ್ರ ಅಷ್ಟೇ ಇರುತ್ತದೆ. ಹಿಡಿಯಷ್ಟು ತೆಗೆದು ಗಟ್ಟಿಯಾಗಿ ಹಿಂಡಿ ನೋಡುವುದೇ ವಾಸಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು, ಸುರಿಯಬಾರದು, ಮುಷ್ಟಿ ಬಿಚ್ಚಿದರೆ ಉಂಡೆ ಹಾಗೇ ನಿಂತು, ಬೆರಳು ತಾಗಿಸಿದ ಕೂಡಲೇ ಒಡೆಯಬೇಕು.

ಹಾಗಾದರೆ ಉಳಿದಿದ್ದು ಏನು? ಬಿಸಿ ಮತ್ತು ತೂಕ. ಇವೆರಡನ್ನು ಜೋಡಿಸಿ ಓದಿದರೆ ಬೇರೆ ಏನೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬಿಸಿ ಅಂದರೆ ನಡುವಿನ ಡಿಗ್ರಿ ಅಲ್ಲ, ನಡುವಿನದರಲ್ಲಿ ಕೋಣೆಯದನ್ನು ಕಳೆದು ಉಳಿದದ್ದು. ಮೇ ತಿಂಗಳಲ್ಲಿ ಕೋಣೆಯೇ 34 ಇದ್ದಾಗ ನಡುಭಾಗ 40 ಇದ್ದರೆ ಅಲ್ಲಿ ದೊಡ್ಡ ಕೆಲಸವೇನೂ ನಡೆದಿಲ್ಲ. ಜುಲೈನಲ್ಲಿ ಕೋಣೆ 23 ಇದ್ದಾಗ ಅದೇ 40 ಅಂದರೆ ಒಳಗೆ ಹಬ್ಬ ನಡೆದಿದೆ ಅಂತ ಅರ್ಥ.

ತೂಕ ದಿನವೂ ಇಳಿಯುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಈಗ ನೋಡಿ: ವ್ಯತ್ಯಾಸ 5 ಡಿಗ್ರಿಗಿಂತ ಕೆಳಗೆ ಬಂತು, ಕಳೆದ ಬಾರಿ ತಿರುವಿದಾಗಿನಿಂದ ತೂಕವೂ ಚೆನ್ನಾಗಿ ಇಳಿದಿದೆ ಅಂದರೆ ಒಳಗೆ ಒಣಗಿದೆ, ಒಂದು ತಂಬಿಗೆ ನೀರು ಚಿಮುಕಿಸಿ ತಿರುವಬೇಕು. ವ್ಯತ್ಯಾಸ ಬಿದ್ದಿದೆ, ತೂಕ ಮಾತ್ರ ಕದಲಿಲ್ಲ ಅಂದರೆ ಒದ್ದೆಯಾಗಿ ಉಸಿರು ಕಟ್ಟಿದೆ, ಹೊಟ್ಟು ಹಾಕಿ ತಿರುವಬೇಕು. ತಿರುವಿ, ತೇವವೂ ಸರಿ ಮಾಡಿದ ಮೇಲೂ ಬಿಸಿ ಏರಲೇ ಇಲ್ಲ ಅಂದರೆ ತಿನ್ನುವುದು ಮುಗಿದಿದೆ, ಡ್ರಮ್ ಖಾಲಿ ಮಾಡುವ ಹೊತ್ತು. ಮೂರು ಸಂದರ್ಭ, ಮೂರು ಬೇರೆ ಕೆಲಸ. ಬರೀ ಬಿಸಿ ನೋಡಿದ್ದರೆ ಮೂರೂ ಒಂದೇ ಥರ ಕಾಣುತ್ತಿದ್ದವು.

ಲೋಡ್ ಸೆಲ್ಲಿಗೆ ಒಂದು ದೌರ್ಬಲ್ಯ ಇದೆ, ಆ ಕ್ಷಣದ ಏರಿಳಿತ ಚೆನ್ನಾಗಿ ಹಿಡಿಯುತ್ತದೆ, ದಿನಗಟ್ಟಲೆ ಭಾರ ಹೊತ್ತು ನಿಂತರೆ ನಿಧಾನಕ್ಕೆ ಜಾರುತ್ತದೆ. ಡ್ರಮ್ ಎತ್ತಿ ತೊಳೆಯುವಾಗಲೆಲ್ಲ ಸೊನ್ನೆಗೆ ತಂದುಕೊಳ್ಳುತ್ತೇನೆ. ಇಳಿಕೆಯ ದಿಕ್ಕು ಗೊತ್ತಾದರೆ ಸಾಕು, ಚಿನ್ನ ತೂಗುವುದಿಲ್ಲವಲ್ಲ.

ಫ್ಯಾನ್ ಮಾಮೂಲಿ ಅರ್ಧ ಗಂಟೆಗೊಮ್ಮೆ ಎರಡು ನಿಮಿಷ. ನಡುಭಾಗ 58 ದಾಟಿದರೆ ತಣ್ಣಗಾಗುವ ತನಕ ಬಿಡದೆ ತಿರುಗುತ್ತದೆ. ಹೆಚ್ಚು ಗಾಳಿ ಒಳ್ಳೆಯದು ಅಂತ ಯಾವಾಗಲೂ ಹಾಕಿಟ್ಟರೆ ಬಿಸಿಯೂ ಹೋಗುತ್ತದೆ, ತೇವವೂ ಹೋಗುತ್ತದೆ.

ಈ 58ರ ನಿಯಮವೇ ಒಂದು ತಾಪತ್ರಯ ತಂದಿತು. ಒಂದು ಬೆಳಿಗ್ಗೆ ನೋಡಿದರೆ ಫ್ಯಾನ್ ರಾತ್ರಿಯಿಡೀ ತಿರುಗಿದೆ. ಮೇಲಿನ ಪದರ ಒಣಗಿ ಗರಿಗರಿ, ನಡುಭಾಗ ತಣ್ಣಗೆ. ಗ್ರಾಫ್ ತೆಗೆದರೆ 47, 47, 85, 47, 85, 85. ಕಸ ಒಂದು ನಿಮಿಷದಲ್ಲಿ 38 ಡಿಗ್ರಿ ಏರುವುದು ಸಾಧ್ಯವೇ ಇಲ್ಲ, ಅದೂ ಪ್ರತಿ ಸಲ ಸರಿಯಾಗಿ 85! ಡಿಎಸ್18ಬಿ20 ಬಳಸಿದವರಿಗೆ ಈ ಅಂಕಿ ಪರಿಚಯ ಇರುತ್ತದೆ. ಸೆನ್ಸರಿಗೆ ಕರೆಂಟ್ ಹೋಗಿ ಬಂದಾಗ, ಇನ್ನೂ ಅಳತೆ ಮಾಡದೇ ಇರುವಾಗ, ಅದರ ಹೊಟ್ಟೆಯಲ್ಲಿ ಮೊದಲೇ ಬರೆದಿಟ್ಟಿರುವ ಸಂಖ್ಯೆ ಅದು. ತಂತಿಯೇ ಕಿತ್ತುಹೋಗಿದ್ದರೆ ಕೆಲವು ಲೈಬ್ರರಿಗಳು ಮೈನಸ್ 127 ತೋರಿಸುತ್ತವೆ. ಅಂದರೆ ತಂತಿ ಸರಿ ಇದೆ, ಸೆನ್ಸರಿಗೆ ಮಾತ್ರ ನಡುನಡುವೆ ವೋಲ್ಟೇಜ್ ಸಾಲುತ್ತಿಲ್ಲ.

ಆಗ ಫ್ಯಾನ್ ಆಗಿ ಇದ್ದದ್ದು 5 ವೋಲ್ಟಿನ ಬ್ಲೋವರ್. ಅದಕ್ಕೂ ಬೋರ್ಡಿಗೂ ಸೇರಿ ಡ್ರಾಯರಿನಲ್ಲಿದ್ದ ಒಂದು ಹಳೆ ಮೊಬೈಲ್ ಚಾರ್ಜರ್, ಉದ್ದನೆಯ ಸಣಕಲು ಕೇಬಲ್. ಮಲ್ಟಿಮೀಟರ್ ಹಿಡಿದು ಬ್ಲೋವರ್ ಹಾಕಿದೆ. 5 ಇದ್ದದ್ದು ಶುರುವಾದ ಕ್ಷಣಕ್ಕೆ 4.2ಕ್ಕೆ ಕುಸಿದು ಮೇಲೆದ್ದಿತು. ಮೀಟರ್ ನಿಧಾನ, ನಿಜವಾಗಿ ಇನ್ನೂ ಕೆಳಗೆ ಹೋಗಿರಬೇಕು. ಬೋರ್ಡಿನ ಮೇಲಿನ ರೆಗ್ಯುಲೇಟರಿಗೆ 3.3 ಕೊಡಬೇಕಾದರೆ ಅದಕ್ಕಿಂತ ಒಂದು ವೋಲ್ಟ್ ಚಿಲ್ಲರೆ ಹೆಚ್ಚು ಬೇಕು. ಅದು ಸಿಗದೆ 3.3 ಇಳಿಯುತ್ತದೆ. ಡಿಎಸ್18ಬಿ20ಗೆ ಕನಿಷ್ಠ 3 ವೋಲ್ಟ್ ಬೇಕು, ಅದು ಬೀಳುತ್ತದೆ. ಇಎಸ್‌ಪಿ32 ಇನ್ನೂ ಸ್ವಲ್ಪ ಕೆಳಗಿನ ತನಕ ತಡೆಯುತ್ತದೆ, ಅದು ನಿಂತೇ ಇರುತ್ತದೆ. ಎದ್ದ ಸೆನ್ಸರ್ 85 ಅನ್ನುತ್ತದೆ. 58 ದಾಟಿತು ಅಂತ ಬೋರ್ಡು ಬ್ಲೋವರ್ ಬಿಡುವುದೇ ಇಲ್ಲ. ಬ್ಲೋವರ್ ನಡೆಯುವಷ್ಟು ಹೊತ್ತೂ ವೋಲ್ಟೇಜ್ ಅಂಚಿನಲ್ಲೇ, ಮತ್ತೆ 85. ಗಾಣದೆತ್ತಿನ ಸುತ್ತು.

ದುರಸ್ತಿ ಮೂರು ಕಡೆ ಮಾಡಿದೆ. ವೈಫೈ ರೂಟರಿಗೆ ಹಾಕುವ 12 ವೋಲ್ಟಿನ ಸಣ್ಣ ಯುಪಿಎಸ್ ತಂದು, ಬ್ಲೋವರ್ ಬದಲು ಹಾಕಿದ ಕಂಪ್ಯೂಟರ್ ಫ್ಯಾನಿಗೆ ಅದರಿಂದ ನೇರ 12, ಬೋರ್ಡಿಗೆ ವೋಲ್ಟೇಜ್ ಇಳಿಸುವ ಎಲ್‌ಎಂ2596 ಮೂಲಕ 5. ಬೋರ್ಡಿನ 5 ವೋಲ್ಟ್ ಪಿನ್ ಪಕ್ಕ 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ಕೋಡಿನಲ್ಲಿ ಸರಿಯಾಗಿ 85 ಬಂದರೆ ಅದನ್ನು ಬಿಟ್ಟುಬಿಡು, ಒಂದು ನಿಮಿಷಕ್ಕೆ 5 ಡಿಗ್ರಿಗಿಂತ ಜಾಸ್ತಿ ಹಾರಿದರೆ ನಂಬಬೇಡ ಅಂತ ಎರಡು ಸಾಲು. ಫ್ಯಾನ್ ಬಿಡದೆ ಎಷ್ಟು ಹೊತ್ತು ತಿರುಗಬಹುದು ಅನ್ನುವುದಕ್ಕೂ 20 ನಿಮಿಷದ ಮಿತಿ ಹಾಕಿದೆ. ಮಳೆಗಾಲದಲ್ಲಿ ಕರೆಂಟ್ ಹೋದಾಗಲೂ ಗಾಳಿ ನಿಲ್ಲದೇ ಇರುವುದು ಯುಪಿಎಸ್‌ನಿಂದ ಬಂದ ಉಚಿತ ಲಾಭ.

ಎರಡನೇ ದುರಸ್ತಿ ಕಿಲುಬಿನದು. ನಡುವಿನ ಸೆನ್ಸರ್ ಒಮ್ಮೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅನ್ನುವ ಹಾಗಾಯಿತು. ಮುಚ್ಚಳದ ಒಳಗಡೆ ಇದ್ದ ಕನೆಕ್ಟರ್ ಬಿಚ್ಚಿದರೆ ತಾಮ್ರದ ಎಳೆಗಳ ಮೇಲೆ ಹಸಿರು ಪುಡಿ, ಬೆರಳಲ್ಲಿ ಉಜ್ಜಿದರೆ ಎಳೆಯೇ ಮುರಿದು ಬರುವಷ್ಟು. ಬಿಸಿ, ತೇವ, ಅಮೋನಿಯಾ ಮೂರೂ ಸೇರಿದರೆ ತಾಮ್ರ, ಹಿತ್ತಾಳೆ ಎರಡಕ್ಕೂ ಆಯುಷ್ಯ ಇಲ್ಲ. ಹಾಳಾದಷ್ಟು ತಂತಿ ಕತ್ತರಿಸಿ, ತಾಮ್ರ ಹೊಳೆಯುವ ತನಕ ಕೆರೆದು, ಹೊಸ ಬೆಸುಗೆ ಹಾಕಿ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ) ಏರಿಸಿದೆ. ಜೋಡಣೆ ಯಾವುದೂ ಈಗ ಡ್ರಮ್ಮಿನೊಳಗಿಲ್ಲ. ಸೆನ್ಸರಿನ ಕೇಬಲ್ ಅಖಂಡವಾಗಿ ರಬ್ಬರ್ ಗ್ರೊಮೆಟ್ ಮೂಲಕ ಹೊರಗೆ ಬಂದು, ಕೆಳಕ್ಕೆ ಒಂದು ಜೋತು ಬಿಟ್ಟು, ಗೋಡೆ ಮೇಲಿನ ಡಬ್ಬಿಗೆ ಏರುತ್ತದೆ. ಆ ಜೋತು ಬೇಕೇ ಬೇಕು. ಕೇಬಲ್ ಮೇಲೆ ಹರಿದ ಹನಿ ಅಲ್ಲಿಂದ ಕೆಳಗೆ ತೊಟ್ಟಿಕ್ಕುತ್ತದೆ, ಡಬ್ಬಿಯೊಳಗೆ ಹೋಗುವುದಿಲ್ಲ.

ಗೋಡೆ ಲೈಟಿನ ಮಾತು ಉಳಿಯಿತು. ಬಣ್ಣ ಬದಲಾಯಿಸುವ ಒಂದೇ ಒಂದು ಡಬ್ಲ್ಯುಎಸ್2812 ಎಲ್‌ಇಡಿ, ಮೇಲೆ ಮೊಸರಿನ ಕಪ್ಪಿನ ಬಿಳಿ ತುಂಡು. ತೂಕ ಒಮ್ಮೆಲೇ ಏರಿದರೆ ಕಸ ಬಿತ್ತು ಅಂತ ಹಳದಿ ಹತ್ತುತ್ತದೆ, ಅದರ ಹಿಂದೆ ಇನ್ನೊಂದು ಸಣ್ಣ ಏರಿಕೆ ಬಂದರೆ ಹೊಟ್ಟು ಬಿತ್ತು ಅಂತ ಹಸಿರಾಗುತ್ತದೆ. ಗುಂಡಿ ಒತ್ತುವುದು, ಆಪ್ ತೆರೆಯುವುದು ಏನೂ ಇಲ್ಲ. ನೀಲಿ ಅಂದರೆ ನೀರು, ಕೆಂಪು ಅಂದರೆ ಹೊಟ್ಟು ಹಾಕಿ ತಿರುವು. ಹೊಸದರಲ್ಲಿ ಅವ್ವ ಕೂಗಿ ಕರೆಯುತ್ತಿದ್ದಳು, "ಕೆಂಪ ಹತ್ತೈತಿ ನೋಡೋ, ಏನ್ ಬೇಕಂತ ಅದಕ್ಕ?" ಈಗ ನಾನು ಆಫೀಸಿನಿಂದ ಬರುವಷ್ಟರಲ್ಲಿ ಅವಳೇ ರಾಡ್ ತಿರುಗಿಸಿ ಮುಗಿಸಿರುತ್ತಾಳೆ. ಗ್ರಾಫ್‌ನಲ್ಲಿ ಗೊತ್ತಾಗುತ್ತದೆ, ತಿರುವಿದ ಕೂಡಲೇ ಬಿಸಿ ಒಂದಿಷ್ಟು ಬಿದ್ದು, ರಾತ್ರಿಯೊಳಗೆ ಮೊದಲಿಗಿಂತ ಮೇಲೇರಿರುತ್ತದೆ.

ಗಣೇಶ ಹಬ್ಬದಲ್ಲಿ ಮಾತ್ರ ಲೆಕ್ಕ ತಪ್ಪುತ್ತದೆ. ಬೆಳಗಾವಿಯಲ್ಲಿ ಆ ದಿನಗಳ ಹೂವು, ಗರಿಕೆ, ಬಾಳೆ ಎಲೆ, ತೆಂಗಿನ ನಾರು ಎಷ್ಟು ಅಂತ ಹೇಳುವುದು ಬೇಡ. ಚೆಂಡು ಹೂವು ಬೇಗ ಕರಗುತ್ತದೆ, ಆದರೆ ಹಾರದ ದಾರ ಈಗ ಹತ್ತಿಯದಲ್ಲ, ಪ್ಲಾಸ್ಟಿಕ್. ಅದು ತಿರುವುವ ರಾಡಿಗೆ ಸುತ್ತಿಕೊಂಡರೆ ಬಿಡಿಸುವಷ್ಟರಲ್ಲಿ ಸಾಕಾಗುತ್ತದೆ, ಹಾರವನ್ನು ಮೊದಲೇ ಕತ್ತರಿಸಿ ದಾರ ಎಳೆದು ಹಾಕಬೇಕು. ಬಾಳೆ ಎಲೆ ಹಾಳೆಯಾಗಿ ಹಾಕಿದರೆ ಗಾಳಿಗೆ ಅಡ್ಡ ಕೂರುತ್ತದೆ, ಚೂರು ಮಾಡಿ.

ಡ್ರಮ್ಮಿನಿಂದ ತೆಗೆದದ್ದು ಕೂಡಲೇ ಕುಂಡಕ್ಕೆ ಹೋಗುವುದಿಲ್ಲ. ಗೋಣಿಚೀಲದಲ್ಲಿ ತುಂಬಿ, ಮಳೆ ತಾಗದ ಕಡೆ ಒಂದು ತಿಂಗಳಾದರೂ ಇಡುತ್ತೇನೆ, ಆಮೇಲೆ ಜರಡಿ. ಮೇಲೆ ಉಳಿದ ಶೇಂಗಾ ಸಿಪ್ಪೆ, ಸುರುಳಿ, ಮಾವಿನ ಗೊರಟ ಮತ್ತೆ ಡ್ರಮ್ಮಿಗೆ. ಆಗಿದೆಯೋ ಇಲ್ಲವೋ ಅನುಮಾನ ಇದ್ದರೆ ಒಂದು ಹಿಡಿ ತೇವ ಮಾಡಿ ಜಿಪ್ ಚೀಲದಲ್ಲಿ ಮುಚ್ಚಿ ಮೂರು ದಿನ ಬಿಡಿ, ತೆರೆದಾಗ ಮಣ್ಣಿನ ವಾಸನೆ ಬರಬೇಕು. ಹುಳಿ ಬಂದರೆ ಇನ್ನೂ ಕಾಯಬೇಕು. ಮೆಂತ್ಯ ಬಿತ್ತಿಯೂ ನೋಡಬಹುದು. ಮಣ್ಣಿನಲ್ಲಿ ಒಂದು ಬಟ್ಟಲು, ಅರ್ಧ ಗೊಬ್ಬರ ಬೆರೆಸಿ ಒಂದು ಬಟ್ಟಲು, ಎರಡನೆಯದರಲ್ಲಿ ಮೊಳಕೆ ಹಿಂದೆ ಬಿದ್ದರೆ ಗೊಬ್ಬರ ಹಸಿ.

ಖರ್ಚು ಕೇಳುವವರಿಗೆ: ಯುಪಿಎಸ್ ಸೇರಿ ಎಲೆಕ್ಟ್ರಾನಿಕ್ಸ್ ಹತ್ತಿರ ಹತ್ತಿರ ಮೂರು ಸಾವಿರ, ಡ್ರಮ್, ರಾಡ್, ಪೈಪ್ ಎಲ್ಲ ಸೇರಿ ಇನ್ನೊಂದು ಸಾವಿರ. ಕರೆಂಟ್ ತಿಂಗಳಿಗೆ ಒಂದು ಯೂನಿಟ್ ಆಸುಪಾಸು. ಇಷ್ಟೂ ಬೇಡ, ಕಡಿಮೆಯಲ್ಲಿ ಮಾಡಬೇಕು ಅಂದರೆ ತೂಕದ ಹಲಗೆ ಬಿಡಿ, ವೈಫೈ ಬಿಡಿ, ಒಂದು ಟೈಮರ್ ಫ್ಯಾನ್, ಎರಡು ಅಗ್ಗದ ಡಿಜಿಟಲ್ ಥರ್ಮಾಮೀಟರ್, ಒಂದು ಕಸದಲ್ಲಿ, ಒಂದು ಹೊರಗೆ. ಕಳೆಯುವ ಲೆಕ್ಕ ತಲೆಯಲ್ಲೇ ಮಾಡಿಕೊಳ್ಳಬಹುದು. ಹೊಟ್ಟು ಮಾತ್ರ ಬಿಡುವಂತಿಲ್ಲ.

ಬೇಸಿಗೆಗೆ ಫ್ಯಾನಿನ ಹೊತ್ತನ್ನು ಒಂದು ನಿಮಿಷಕ್ಕೆ ಇಳಿಸಿ, ಯೋಗಾ ಮ್ಯಾಟ್ ಒಂದು ಸುತ್ತು ತೆಗೆಯುತ್ತೇನೆ. ಕೆಳಗಿನ ಮನೆಯವರೂ ಒಂದು ಡ್ರಮ್ ಮಾಡಿಕೊಡು ಅಂದಿದ್ದಾರೆ, ಅವರಿಗೆ ಲೈಟ್ ಬೇಡವಂತೆ, ಫೋನಿಗೇ ಬರಲಿ ಅಂತೆ. ಆ 5 ವೋಲ್ಟಿನ ಬ್ಲೋವರ್ ಇನ್ನೂ ಡ್ರಾಯರಿನಲ್ಲಿದೆ, ಅದರದು ಏನೂ ತಪ್ಪಿರಲಿಲ್ಲ, ಅವರ ಡ್ರಮ್ಮಿಗೆ ಅದನ್ನೇ ಹಾಕುತ್ತೇನೆ. ಚಾರ್ಜರ್ ಮಾತ್ರ ಇ-ಕಸಕ್ಕೆ ಹೋಯಿತು.